ಫ್ಲೂ ಲಸಿಕೆಯ ಎದುರು ತಾಯಂದಿರ ಹಿಂಜರಿಕೆಯ ನೆಲೆಗಳು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ಲಸಿಕೆ ಎಂಬುದು ಕೇವಲ ಲಸಿಕೆಯಲ್ಲ, ಅದೊಂದು ಪಠ್ಯ. ಸೂಜಿ ಎಂಬುದು ಕೇವಲ ಸೂಜಿಯಲ್ಲ. ಪ್ರಭುತ್ವವೂ ತೋಳೂ ಮುಖಾಮುಖಿಯಾಗುವ ಬಿಂದು. ಈ ತಾತ್ವಿಕ ನೆಲೆಗಟ್ಟಿನ ಮೇಲೆ ನಿಂತು, ಕಾಲು ನೋವು ಬಂದಾಗ ಕುಳಿತು, ಪ್ರಸ್ತುತ ಅಧ್ಯಯನವು ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಐದು ವರ್ಷದೊಳಗಿನ ಕೂಸುಗಳ ತಾಯಂದಿರು ಫ್ಲೂ ಲಸಿಕೆಯ ವಿಷಯದಲ್ಲಿ ಕೈಗೊಳ್ಳುವ, ಕೈಗೊಳ್ಳದ ಹಾಗೂ ಕೈಗೊಳ್ಳಬೇಕಿದೆ ಎಂಬುದೇ ಅವರಿಗೆ ಗೊತ್ತಿಲ್ಲದ ನಿರ್ಧಾರಗಳ ಸಂಕಥನವನ್ನು ಅನಾವರಣಗೊಳಿಸಲು ಯತ್ನಿಸುತ್ತದೆ. ತಂದೆಯರನ್ನು ಅಧ್ಯಯನದಿಂದ ಕೈಬಿಡಲಾಗಿದೆ. ಪ್ರಶ್ನಾವಳಿ ಹಿಡಿದು ಹೋದ ಹೊತ್ತಿಗೆ ಅವರು ಮನೆಯಲ್ಲಿರಲಿಲ್ಲ. ಇದ್ದವರು "ಅಕೀನ್ನ ಕೇಳ್ರಿ" ಎಂದು ಎದ್ದು ಹೋದರು.

2. ಪೂರ್ವಸೂರಿಗಳು

ಈ ಕ್ಷೇತ್ರದಲ್ಲಿ ಈಗಾಗಲೇ ಘನವಾದ ಕೆಲಸ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವೊಂದು 2014ರಲ್ಲಿ ಲಸಿಕಾ ಹಿಂಜರಿಕೆಗೆ ಮೂರು ಬೇರುಗಳನ್ನು ಗುರುತಿಸಿತು: ರೋಗದ ಭಯ ಇಲ್ಲದಿರುವುದು, ಲಸಿಕೆಯ ಮೇಲೆ ನಂಬಿಕೆ ಇಲ್ಲದಿರುವುದು, ಲಸಿಕೆ ಕೈಗೆಟುಕದಿರುವುದು. ಮೂರನೆಯ ಬೇರು ತಾಯಿಯ ಮನಸ್ಸಿನೊಳಗೆ ಹೇಗೆ ಇಳಿಯುತ್ತದೆ ಎಂಬುದು ಪ್ರಸ್ತುತ ಸಂಶೋಧಕನಿಗೆ ಹೊಳೆಯಲಿಲ್ಲ. ಮಾರ್ಗದರ್ಶಕರು "ಅದನ್ನ ಅಡಿಟಿಪ್ಪಣಿಗೆ ಹಾಕಿ" ಎಂದರು. 2019ರಲ್ಲಿ ಅದೇ ಸಂಸ್ಥೆ ಜಗತ್ತಿನ ಆರೋಗ್ಯಕ್ಕೆ ಎದುರಾದ ಹತ್ತು ಅಪಾಯಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಫ್ಲೂ ಮಹಾಪಿಡುಗೂ ಇತ್ತು, ಲಸಿಕಾ ಹಿಂಜರಿಕೆಯೂ ಇತ್ತು. ಹೀಗೆ ಇನ್‌ಫ್ಲುಯೆಂಜಾ ವೈರಾಣುವೂ ನಮ್ಮ ಮುದ್ದೇಬಿಹಾಳದ ತಾಯಿಯೂ ಒಂದೇ ಪಟ್ಟಿಯಲ್ಲಿ ನೆರೆಹೊರೆಯವರಾದರು.

3. ವ್ಯಾಪ್ತಿ ಮತ್ತು ಪರಿಮಿತಿ

ಈ ನಾಲ್ಕು ತಾಲೂಕುಗಳನ್ನೇ ಆಯ್ದುಕೊಂಡಿರುವುದಕ್ಕೆ ವೈಜ್ಞಾನಿಕ ಕಾರಣವಿದೆ: ವಿಜಯಪುರದಲ್ಲಿ ಬೆಳಗಿನ ಬಸ್ ಹತ್ತಿದರೆ ಸಂಜೆ ಚಹಾದ ಹೊತ್ತಿಗೆ ಮರಳಬಹುದು. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಇವುಗಳಿಂದಲೇ ಒಡೆದು ಬೇರೆ ತಾಲೂಕುಗಳಾಗಿವೆ. ಆದರೆ ಪ್ರಬಂಧದ ಶೀರ್ಷಿಕೆ ಅದಕ್ಕೂ ಮೊದಲೇ ನೋಂದಣಿಯಾಗಿದ್ದರಿಂದ ಅವುಗಳ ಅಸ್ತಿತ್ವವನ್ನು ಗಣನೆಗೆ ತೆಗೆದುಕೊಂಡಿಲ್ಲ.

ಸಾರಿಗೆಯ ನೆಲೆಯಲ್ಲಿ ನೋಡುವುದಾದರೆ, ಸಿಂದಗಿ ಮತ್ತು ಮುದ್ದೇಬಿಹಾಳಕ್ಕೆ ರೈಲಿಲ್ಲ. ಉಳಿದೆರಡಕ್ಕೆ 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂಬ ನಿಲ್ದಾಣಗಳಿವೆ. ಇಳಿದವರಿಗೆ ಸಿಗುವುದು ರೋಡ್ ಮಾತ್ರ. ಊರಿಗೆ ಟಂಟಂ ಹಿಡಿಯಬೇಕು. ಫ್ಲೂ ಲಸಿಕೆಯೂ ಈ ಸೀಮೆಗೆ ಇಷ್ಟೇ ಬಂದಿದೆ: ಹೆಸರು ಬಂದಿದೆ, ಊರೊಳಗೆ ಬಂದಿಲ್ಲ.

ಕಾಲದ ಪರಿಮಿತಿ ಇನ್ನೂ ಸಂಕೀರ್ಣ. ಫ್ಲೂ ವೈರಾಣು ವರ್ಷವರ್ಷ ವೇಷ ಬದಲಿಸುವುದರಿಂದ ಲಸಿಕೆಯ ಪಾಕವನ್ನು ವರ್ಷಕ್ಕೆರಡು ಸಲ ಪರಿಷ್ಕರಿಸುತ್ತಾರೆ. ಉತ್ತರ ಗೋಳಾರ್ಧದ ಪಾಕ ಫೆಬ್ರವರಿಯಲ್ಲಿ ಪ್ರಕಟವಾಗುತ್ತದೆ, ದಕ್ಷಿಣ ಗೋಳಾರ್ಧದ್ದು ಸೆಪ್ಟೆಂಬರಿನಲ್ಲಿ. ನಮ್ಮಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ. ಹಾಗಾಗಿ ಕಾಶ್ಮೀರದಂಥ ಚಳಿಯ ಸೀಮೆ ಬಿಟ್ಟರೆ ದೇಶದ ಬಹುಭಾಗಕ್ಕೆ ದಕ್ಷಿಣದ ಪಾಕವೇ ಹೊಂದುತ್ತದೆ. ಫ್ಲೂ ಲಸಿಕೆಯ ಭೂಗೋಳದಲ್ಲಿ ಸಿಂದಗಿ ಆಸ್ಟ್ರೇಲಿಯಾದ ಪಕ್ಕದಲ್ಲಿದೆ ಎಂಬುದು ಪ್ರಸ್ತುತ ಅಧ್ಯಯನದ ಮೊದಲ ಫಲಿತ. ರೈತರ ಲೆಕ್ಕದಲ್ಲಿ ಹೇಳುವುದಾದರೆ ರೋಹಿಣಿ ಮಳೆ ಹಿಡಿಯುವ ಮೊದಲೇ, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ ಹಾಕಿಸಿದರೆ ಆರಿದ್ರಾದಿಂದ ಮಘಾವರೆಗೆ ಕೂಸಿಗೆ ಕಾವಲು. ಆರು ತಿಂಗಳು ತುಂಬಿದ ಮಗುವಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಆರು ತಿಂಗಳಿಂದ ಐದು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಇದನ್ನು ಶಿಫಾರಸು ಮಾಡಿದೆ. ಮಾಡಿದ್ದು ಇಂಗ್ಲಿಷಿನಲ್ಲಿ.

4. ಅಧ್ಯಯನ ವಿಧಾನ

ಐದಂಶದ ಮಾಪಕ ಬಳಸಲಾಗಿದೆ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಉತ್ತರದಾತರು ಐದಕ್ಕೂ "ಹೂಂ ರೀ" ಎಂದರು. ಇದನ್ನು ಅಂಕಿಅಂಶ ತಂತ್ರಾಂಶಕ್ಕೆ ಉಣಿಸಿದಾಗ ಅದು ತಟಸ್ಥವಾಯಿತು.

ಈ ಜಿಲ್ಲೆಗೆ ಕ್ಷೇತ್ರಕಾರ್ಯ ಹೊಸದೇನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಫ. ಗು. ಹಳಕಟ್ಟಿಯವರು ವಕೀಲಿಕೆಯ ನಡುವೆ ಊರೂರು ತಿರುಗಿ ಮನೆ-ಮಠಗಳಲ್ಲಿದ್ದ ವಚನದ ತಾಡೋಲೆಗಳನ್ನು ಕೂಡಿಹಾಕಿದ್ದು ವಿಜಯಪುರದಲ್ಲಿದ್ದುಕೊಂಡೇ. ವಚನ ಸಂಶೋಧಕ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನವರು. ಇಬ್ಬರೂ ಐದಂಶದ ಮಾಪಕ ಬಳಸಿದ್ದಕ್ಕೆ ಆಧಾರ ಸಿಗುವುದಿಲ್ಲ. ಆದ್ದರಿಂದ ಅವರ ಕೆಲಸವನ್ನು ಇಲ್ಲಿ ಪರಿಗಣಿಸಿಲ್ಲ.

5. ತಾಯಂದಿರ ವರ್ಗೀಕರಣ

5.1 ಸೂಜಿಪ್ರಿಯೆ: ಲಸಿಕೆ ಒಲ್ಲದಿರುವುದಕ್ಕೆ ಸೂಜಿಯ ಭಯವೇ ಮೂಲ ಎಂಬುದು ನಮ್ಮ ಪ್ರಾಕ್ಕಲ್ಪನೆಯಾಗಿತ್ತು. ಕ್ಷೇತ್ರದಲ್ಲಿ ಕಂಡದ್ದು ಬೇರೆ. ಕೂಸಿಗೆ ಜ್ವರ ಬಂದರೆ ಈ ತಾಯಿ ಡಾಕ್ಟರ ಮುಂದೆ ಕುಳಿತು, "ಗುಳಿಗಿ ಬ್ಯಾಡ್ರಿ, ಒಂದು ಸೂಜಿ ಮಾಡಿಬಿಡ್ರಿ" ಎನ್ನುತ್ತಾಳೆ; ತನಗೆ ಸುಸ್ತಾದರೆ ಸಲಾಯಿನ್ ಹಚ್ಚಿಸಿಕೊಂಡೇ ಮನೆಗೆ ಹೋಗುತ್ತಾಳೆ. ಸೂಜಿ ಮಾಡದ ಡಾಕ್ಟರನ್ನು ಈ ಸೀಮೆಯಲ್ಲಿ ಡಾಕ್ಟರೆಂದು ಒಪ್ಪುವುದು ಕಷ್ಟ. ಪ್ರಾಕ್ಕಲ್ಪನೆಯನ್ನು ಕೈಬಿಡುವ ಬದಲು ತಾಯಿಯನ್ನು 'ವಿರೋಧಾಭಾಸದ ಅನನ್ಯತೆ' ಎಂಬ ಉಪವರ್ಗಕ್ಕೆ ಸೇರಿಸಲಾಗಿದೆ.

5.2 ಲಿಂಬೆವಾದಿ: ಇಂಡಿ ತಾಲೂಕಿಗೆ ಸೀಮಿತ. ಭೌಗೋಳಿಕ ಸೂಚಿಕೆ ಪಡೆದ ಲಿಂಬೆಯ ನೆಲದಲ್ಲಿ ನೆಗಡಿಗೆ ಬೇರೆ ಮದ್ದು ಏಕೆ ಎಂಬುದು ಇವಳ, ನಿಜ ಹೇಳಬೇಕೆಂದರೆ ಇವಳ ಮೈದುನನ ವಾಟ್ಸಾಪಿನ, ನಿಲುವು. ಲಿಂಬೆ ಶರಬತ್ತಿಗೆ ಫ್ಲೂ ಹೆದರಿದ ಉದಾಹರಣೆಯಿಲ್ಲ. ಬಾಯಿಗೆ ಮಾತ್ರ ಹಿತವಾಗಿರುತ್ತದೆ.

5.3 ಅಂಡ-ಮೀಮಾಂಸಕಿ: ಬಹುಪಾಲು ಫ್ಲೂ ಲಸಿಕೆಗಳ ವೈರಾಣುವನ್ನು ಕೋಳಿತತ್ತಿಯೊಳಗೆ ಬೆಳೆಸಿ, ಕೊಂದು, ಶುದ್ಧಮಾಡಿ ತಯಾರಿಸುತ್ತಾರೆ. 2021ರ ಡಿಸೆಂಬರಿನಲ್ಲಿ ಸರಕಾರ ವಿಜಯಪುರವೂ ಸೇರಿ ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳ ಶಾಲಾ ಮಕ್ಕಳಿಗೆ ತತ್ತಿ, ಒಲ್ಲದವರಿಗೆ ಬಾಳೆಹಣ್ಣು ಕೊಡಲು ಹೊರಟಾಗ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದ್ದರು. ಬಸವಣ್ಣನ ಜನ್ಮಸ್ಥಳದಲ್ಲಿ ತತ್ತಿಯಿಂದ ಬಂದ ಲಸಿಕೆಯ ಬಗ್ಗೆ ಭಾರೀ ತಾತ್ವಿಕ ಬಿಕ್ಕಟ್ಟು ಏಳುತ್ತದೆಂದು ನಿರೀಕ್ಷಿಸಿ ಬಾಗೇವಾಡಿಗೆ ಇಡೀ ಅಧ್ಯಾಯವನ್ನೇ ಕಾದಿರಿಸಲಾಗಿತ್ತು. ಕೇಳಿದಾಗ ಉತ್ತರದಾತೆ, "ಕೂಸು ಬದುಕೂದಿದ್ರ ಯಾವ ತತ್ತಿಯಾದ್ರೇನ್ರಿ? ಅದಿರ್ಲಿ, ಎಷ್ಟಾಗತೈತಿ?" ಎಂದಳು. ಅಧ್ಯಾಯ ಖಾಲಿ ಉಳಿಯಿತು.

5.4 ವಲಸೆಯ ನೆಲೆಯವಳು: ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವವಳು. ಮೊದಲ ಡೋಸ್ ತಾಂಡಾದಲ್ಲಿ, ಎರಡನೆಯದು ಕಬ್ಬಿನ ಫಡದಲ್ಲಿ. 'ಚಲನಶೀಲ ತೋಳು' ಎಂಬ ಹೊಸ ಪರಿಕಲ್ಪನೆಯನ್ನು ಇಲ್ಲಿ ಮಂಡಿಸ...

5.5ರಿಂದ 5.17ರವರೆಗಿನ ವರ್ಗಗಳೂ ಸಿದ್ಧವಿವೆ. ಬರೆಯುವುದಿಲ್ಲ. ಎಲ್ಲ ವರ್ಗದವರೂ ಕೊನೆಗೆ ಕೇಳಿದ್ದು ಎರಡೇ ಪ್ರಶ್ನೆ: ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ.

6. ವಿಶ್ಲೇಷಣೆ

ಎಲ್ಲಿ ಸಿಗುತ್ತದೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದಿಲ್ಲ. ಗುರುವಾರ ಅಂಗನವಾಡಿಗೆ ನರ್ಸಬಾಯಿ ತರುವ ಡಬ್ಬಿಯಲ್ಲಿ ಬಿಸಿಜಿ, ಪೋಲಿಯೊ, ಪೆಂಟಾ, ರೋಟಾ, ನ್ಯುಮೋನಿಯಾದ ಪಿಸಿವಿ, ದಡಾರ-ರುಬೆಲ್ಲಾ ಇರುತ್ತವೆ, ಫ್ಲೂ ಇರುವುದಿಲ್ಲ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದು ಸೇರಿಯೇ ಇಲ್ಲ. ಎಷ್ಟಾಗುತ್ತದೆ? ಖಾಸಗಿ ದವಾಖಾನೆಯಲ್ಲಿ ಡೋಸಿಗೆ 1,500ರಿಂದ 2,000 ರೂಪಾಯಿಯ ಆಸುಪಾಸು. ಮೊದಲ ವರ್ಷ ಎರಡು. ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟರಿಂದ ಹನ್ನೊಂದು ದಿನ ಬಿಸಿಲಲ್ಲಿ ಕೆರೆಯ ಹೂಳು ಹೊತ್ತರೆ ಒಂದು ಕೂಸಿಗೆ ಒಂದು ವರ್ಷದ ಫ್ಲೂ ಲಸಿಕೆ. ಎರಡು ಕೂಸುಗಳಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಮೇಲೆ ಬಸ್ ಚಾರ್ಜು, ಆ ದಿನದ ಕೂಲಿ ಖೋತಾ. ಇದಕ್ಕೆ ಪ್ರಬಂಧದ ಪರಿಭಾಷೆಯಲ್ಲಿ ಮನೋಧೋರಣೆಯ ಸಮಸ್ಯೆ ಎನ್ನುತ್ತಾರೆ.

ಪ್ರಬಂಧದಿಂದ ಹೊರಗೆ ಬಂದು ಒಂದು ಮಾತು ಹೇಳುತ್ತೇನೆ. ಇಂಥದೊಂದು ಸಮೀಕ್ಷೆಗೆ ನಾನು ದುಭಾಷಿಯಾಗಿ ಹೋಗಿದ್ದವನು. ಯಾರದು, ಯಾವ ಸಂಸ್ಥೆಯದು ಬೇಡ. "ಫ್ಲೂ ಲಸಿಕೆಯ ಬಗ್ಗೆ ನಿಮಗೆ ಅರಿವಿದೆಯೇ?" ಎಂಬ ಪ್ರಶ್ನೆಯನ್ನು ನಮ್ಮ ಮಾತಿಗೆ ತಂದು ಕೇಳಿದೆ. ಕಾಲ ಮೇಲೆ ಕೂಸು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದ ಹೆಣ್ಣುಮಗಳು ತಲೆ ಎತ್ತಿ, "ಇಲ್ರಿ ಅಣ್ಣಾರ, ಏನದು, ಹೇಳ್ರಿ" ಎಂದಳು. ನಾನು ಹೇಳಲು ಬಾಯಿ ತೆರೆದೆ. ತಂಡದವರು ತಡೆದರು. ಈಗ ಹೇಳಿದರೆ ಮುಂದಿನ ಉತ್ತರಗಳು ಕಲುಷಿತವಾಗುತ್ತವಂತೆ. 'ಅರಿವಿನ ಕೊರತೆ' ಎಂಬ ಚೌಕದಲ್ಲಿ ಗುರುತು ಬಿತ್ತು, ಮುಂದಿನ ಮನೆಗೆ ನಡೆದೆವು. ಆ ಚೌಕವೇ ಆಮೇಲೆ ಯಾವುದೋ ವರದಿಯ ಕೋಷ್ಟಕವಾಗಿರುತ್ತದೆ. ಕೋಷ್ಟಕದ ಕೆಳಗೆ 'ಗ್ರಾಮೀಣ ತಾಯಂದಿರಲ್ಲಿ ಜಾಗೃತಿ ಮೂಡಿಸುವ ಅಗತ್ಯವಿದೆ' ಎಂದು ಬರೆದಿರುತ್ತಾರೆ. ಕೇಳಿದವಳಿಗೆ ಉತ್ತರ ಕೊಡದೆ ಎದ್ದುಬಂದವರು ಬರೆದ ವಾಕ್ಯ ಅದು.

ಇವರೇನು ಲಸಿಕೆ ಕಾಣದವರೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಮೂಲ ಲಸಿಕೆ ಪಡೆದ ಒಂದು ವರ್ಷದ ಮಕ್ಕಳು 2015-16ರಲ್ಲಿ ನೂರಕ್ಕೆ ಸುಮಾರು 63 ಇದ್ದವರು 2019ರ ಹೊತ್ತಿಗೆ 84ಕ್ಕೇರಿದರು. ಆ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತಂದವರು ವಿಚಾರಸಂಕಿರಣದವರಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಾಗ ವಾಟ್ಸಾಪಿನಲ್ಲಿ ಹೆದರಿಸುವ ಸಂದೇಶಗಳು ಹರಿದಾಡಿ ಕೆಲವರು ನಿಜವಾಗಿಯೂ ಹಿಂದೆಗೆದರು, ಸುಳ್ಳಲ್ಲ. ಆಗ ಬಾಗಿಲು ಬಾಗಿಲು ಹತ್ತಿ ಮಾತಾಡಿದವಳು ಆಶಾ ಕಾರ್ಯಕರ್ತೆ. ಅದೇ ಆಶಾಗಳು 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತಿದ್ದರು. ಪಿಸಿವಿಯನ್ನೇ ನೋಡಿ. ಖಾಸಗಿಯಲ್ಲಿ ಡೋಸಿಗೆ ಸಾವಿರಾರು ರೂಪಾಯಿ ಇದ್ದಾಗ ಈ ತಾಲೂಕುಗಳ ಕೂಲಿ ಮನೆಗಳಲ್ಲಿ ಅದರ ಹೆಸರು ಕೇಳಿದವರಿರಲಿಲ್ಲ. 2021ರಲ್ಲಿ ಅದು ಪುಕ್ಕಟೆಯಾಗಿ ಅಂಗನವಾಡಿಗೆ ಬಂತು. ತಾಯಂದಿರು ಕೂಸಿನ ತೊಡೆ ಮುಂದೆ ಮಾಡಿದರು. ಯಾವ ಜಾಗೃತಿ ಜಾಥಾದಿಂದ ಅವರ ಮನೋಧೋರಣೆ ರಾತ್ರೋರಾತ್ರಿ ಬದಲಾಯಿತು?

ಫ್ಲೂ ಎಂದರೆ ನೆಗಡಿ ಎಂದುಕೊಳ್ಳುವುದು ತಪ್ಪು. ದೊಡ್ಡ ಮಕ್ಕಳಿಗೆ ವಾರದ ಕಾಯಿಲೆಯಾದದ್ದು ಎಳೆಗೂಸಿನಲ್ಲಿ ಪುಪ್ಪುಸಕ್ಕೆ ಇಳಿಯಬಹುದು. ಪಕ್ಕೆ ಒಳಕ್ಕೆ ಸೆಳೆಯತೊಡಗಿದರೆ, ಕೂಸು ಮೊಲೆ ಕುಡಿಯುವುದು ಬಿಟ್ಟರೆ ಕಷಾಯ ಕಾಯಿಸುತ್ತ ಕೂರುವ ಹೊತ್ತಲ್ಲ. ಫ್ಲೂ ಸಂಬಂಧಿ ಶ್ವಾಸಕೋಶದ ಸೋಂಕಿನಿಂದ ಸಾಯುವ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 99 ಮಂದಿ ನಮ್ಮಂಥ ದೇಶಗಳವರು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಲಸಿಕೆ ಮಾಯಾಮಂತ್ರವಲ್ಲ. ಪಾಕ ಹೊಂದಿದ ವರ್ಷಗಳಲ್ಲಿ ನೂರಕ್ಕೆ 40ರಿಂದ 60ರಷ್ಟು ತಡೆಯುತ್ತದೆ, ಹೊಂದದ ವರ್ಷ ಕಡಿಮೆ. ಆರು ತಿಂಗಳೊಳಗಿನ ಕೂಸಿಗೆ ಕೊಡಲು ಬರುವುದೇ ಇಲ್ಲ. ಬಸುರಿಯಿದ್ದಾಗ ತಾಯಿಗೇ ಹಾಕಿದರೆ ಅವಳ ರಕ್ಷಣೆ ಕೂಸಿಗೂ ದಾಟುತ್ತದೆ. ದಮ್ಮು, ಹೃದಯದ ತೊಂದರೆ ಇರುವ ಮಕ್ಕಳಿಗಾದರೂ ಸಾಲ ಮಾಡಿಯಾದರೂ ಹಾಕಿಸಿ ಎಂದೇ ನಾನು ಹೇಳುತ್ತೇನೆ. ಸಾಲ ಮಾಡಿ ಎಂದು ಬರೆಯುವಾಗ ಕೈ ತಡೆಯುತ್ತದೆ, ಆದರೂ.

1918ರ ಫ್ಲೂ ಮಹಾಪಿಡುಗಿನ ಹೊತ್ತಿಗೆ ಈ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ಸೀಮೆಯವರು 'ಮಾನಮೋಡಿ' ಎಂದು ಕರೆದ ಆ ಜ್ವರ, ಮಳೆಯೂ ಕೈಕೊಟ್ಟ ಆ ವರ್ಷದಲ್ಲಿ, ಪ್ರಾಂತ್ಯವೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ತಿಂದಿತು. ಆಗ ಲಸಿಕೆಯೇ ಇರಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ. ಈಗ ಲಸಿಕೆ ಇದೆ, ಎರಡರಿಂದ ಎಂಟು ಡಿಗ್ರಿಯ ಫ್ರಿಜ್ಜಿನಲ್ಲಿ, ತಾಲೂಕು ಕೇಂದ್ರದ ಗಾಜಿನ ಬಾಗಿಲಿನ ಹಿಂದೆ. ದೂರಲು ತಾಯಿಯೂ ಸಿಕ್ಕಿದ್ದಾಳೆ.

7. ಮುಂದಿನ ಸಂಶೋಧನೆಗಿರುವ ಅವಕಾಶಗಳು

ಇದೇ ಪ್ರಶ್ನಾವಳಿಯನ್ನು, ಇದೇ ಐದಂಶದ ಮಾಪಕದೊಂದಿಗೆ, ದೆಹಲಿಯಲ್ಲೂ ಬೆಂಗಳೂರಿನ ವಿಕಾಸಸೌಧದಲ್ಲೂ ಹಂಚಬೇಕಾಗಿದೆ. ಉತ್ತರದಾತರು: ಲಸಿಕಾ ಪಟ್ಟಿಯಲ್ಲಿ ಯಾವುದಿರಬೇಕೆಂದು ಸಲಹೆ ಕೊಡುವವರು, ಅದಕ್ಕೆ ದುಡ್ಡು ತೆಗೆದಿಡುವವರು. ಪ್ರಶ್ನೆ 1: ಫ್ಲೂ ಲಸಿಕೆ ಕೊಡಿಸಲು ನೀವು ಹಿಂಜರಿಯುತ್ತಿರುವುದೇಕೆ? ಅವರಲ್ಲಿ ಕಾರಣಗಳಿವೆ, ಪೊಳ್ಳು ಕಾರಣಗಳೇನಲ್ಲ: ದುಬಾರಿ, ವರ್ಷವರ್ಷ ಕೊಡಬೇಕು, ಅದೇ ಹಣದಲ್ಲಿ ಇನ್ನೂ ಹೆಚ್ಚು ಮಕ್ಕಳನ್ನು ಉಳಿಸುವ ಬೇರೆ ಲಸಿಕೆಗಳಿವೆ. ಮುದ್ದೇಬಿಹಾಳದ ತಾಯಿಯೂ ಹೇಳಿದ್ದು ಅದನ್ನೇ: "ತುಟ್ಟಿ ಆತ್ರಿ, ಅದೂ ವರ್ಷಾ ವರ್ಷಾ. ಅಷ್ಟು ರೊಕ್ಕದಾಗ ಕೂಸಿಗೆ ದಿನಾ ಹಾಲು-ತತ್ತಿ ಆಗತಾವು." ಅವರ ಉತ್ತರವನ್ನು 'ಆದ್ಯತೆಯ ನಿರ್ಣಯ' ಎಂಬ ಅಂಕಣದಲ್ಲೂ ಆಕೆಯದನ್ನು 'ಹಿಂಜರಿಕೆ' ಎಂಬ ಅಂಕಣದಲ್ಲೂ ನಮೂದಿಸತಕ್ಕದ್ದು.

ಸದರಿ ಅಧ್ಯಯನಕ್ಕೆ ಅನುದಾನ ಕೋರಿ ಅರ್ಜಿ ಸಲ್ಲಿಸಲಾಗಿತ್ತು. ವಿಷಯಕ್ಕೆ ಕ್ಷೇತ್ರಕಾರ್ಯದ ಅವಕಾಶ ಸಾಲದು, ಉತ್ತರದಾತರು ಸದಾ ಸಭೆಯಲ್ಲಿರುತ್ತಾರೆ ಎಂಬ ಷರಾದೊಂದಿಗೆ ಅರ್ಜಿ ಮರಳಿ ಬಂದಿದೆ.