ಮೂಗಿಗಿಂತ ಮೂಗುತಿ ಭಾರ: ಅಗ್ಗದ ರೈಫಲ್ ಸುಧಾರಣೆಯ ಅಧಿಕೃತ ಕೈಪಿಡಿ

ಅಮೆರಿಕದಲ್ಲಿ ರೂಗರ್ 10/22 ರೈಫಲ್ ಕೊಂಡು, ಅದು ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿರುವುದನ್ನು ಸಹಿಸಲಾಗದೆ ಒದ್ದಾಡುತ್ತಿರುವವರಿಗಾಗಿ ಈ ಕೈಪಿಡಿ ರಚಿಸಲಾಗಿದೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಪೂರ್ತಿ ಓದತಕ್ಕದ್ದು. ಯಾರೂ ಓದುವುದಿಲ್ಲ ಎಂಬುದು ನಮಗೆ ಗೊತ್ತು.

ಉಪಕರಣದ ಪರಿಚಯ

10/22 ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಹೆಸರಿನಲ್ಲಿರುವ 10 ಎಂದರೆ ಮ್ಯಾಗಜಿನ್ನಿನಲ್ಲಿ ಹಿಡಿಯುವ ತೋಟಾಗಳು, 22 ಎಂದರೆ ಕ್ಯಾಲಿಬರ್. ಇದು ಬಳಸುವ ತೋಟಾ ಇನ್ನೂ ಹಳೆಯದು, 1887ರದು. ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆ ಕೊಳವೆಯ ಹಿಂಬದಿಯ ಅಂಚಿನೊಳಗೇ ಇರುತ್ತದೆ. ಸೂಜಿ ಆ ಅಂಚನ್ನು ಜಜ್ಜಿದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ಹಾರುತ್ತದೆ. ಹೆಗಲಿಗೆ ಹೇಳಿಕೊಳ್ಳುವಂಥ ಒದೆತವಿಲ್ಲ, ಜೇಬಿಗೂ ದೊಡ್ಡ ಏಟಿಲ್ಲ. ಮಕ್ಕಳು ಗುರಿ ಕಲಿಯುವುದು, ದೊಡ್ಡವರು ಭಾನುವಾರ ಖಾಲಿ ಡಬ್ಬ ಬೀಳಿಸುವುದು ಇದರಲ್ಲೇ.

ಎಲ್ಲ ಅನಾಹುತಕ್ಕೂ ಮೂಲ ಎರಡು ಸ್ಕ್ರೂಗಳು. ಬೇರೆ ಎಷ್ಟೋ ರೈಫಲ್‌ಗಳ ನಳಿಗೆ ಬಿಚ್ಚಲು ಬಂದೂಕು ಕಮ್ಮಾರನೇ ಬೇಕು. ಇದರ ನಳಿಗೆಯನ್ನು ವಿ ಆಕಾರದ ಒಂದು ತುಂಡು, ಎರಡು ಸ್ಕ್ರೂ ಹಿಡಿದು ನಿಲ್ಲಿಸಿವೆ. ಅಡುಗೆಮನೆಯ ಮೇಜಿನ ಮೇಲೇ ಬಿಚ್ಚಬಹುದು. ಬಿಚ್ಚಬಹುದಾದದ್ದನ್ನು ಬಿಚ್ಚದೆ ಬಿಡುವ ಗಂಡಸು ಇನ್ನೂ ಹುಟ್ಟಿಲ್ಲವಾದ್ದರಿಂದ ಬಿಡಿಭಾಗಗಳ ಒಂದು ಉದ್ಯಮವೇ ಹುಟ್ಟಿತು.

ಹಂತ 0

ಈ ಹಂತದಲ್ಲಿ ತಮಾಷೆಯಿಲ್ಲ. ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಗುಂಡಿನ ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾಲಿಯೆಂದು ಖಚಿತಪಡಿಸಿಕೊಳ್ಳಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ.

ಹಂತ 1: ಸಣ್ಣದರಿಂದ ಆರಂಭಿಸುವುದು

ಬೋಲ್ಟ್ ಹಿಂದೆ ಬಂದು ಉಕ್ಕಿನ ಪಿನ್ನಿಗೆ ಬಡಿದಾಗ ಟಣ್ ಎನ್ನುತ್ತದೆ. ಪಾಲಿಯುರೆಥೇನ್ ಪಿನ್ ಹಾಕಿದರೆ ಸದ್ದು ಮೆತ್ತಗಾಗುತ್ತದೆ. ಬೆಲೆ ಕೆಲವೇ ಡಾಲರ್. ಇಲ್ಲಿಗೇ ನಿಲ್ಲಿಸುತ್ತೇನೆ ಎಂದು ಮನೆಯಲ್ಲಿ ಗಟ್ಟಿಯಾಗಿ ಘೋಷಿಸತಕ್ಕದ್ದು.

ಬಿಚ್ಚುವಾಗ ಪಿನ್ನುಗಳು ಕೇಳದೆಯೇ ಕೆಳಗುರುಳುತ್ತವೆ. ಮತ್ತೆ ಜೋಡಿಸುವಾಗ ಬೋಲ್ಟ್ ಮತ್ತು ಅದರ ಸ್ಪ್ರಿಂಗನ್ನು ಒಟ್ಟಿಗೆ ಕೂರಿಸಲು ಮೂರನೆಯ ಕೈ ಬೇಕು, ಪೆಟ್ಟಿಗೆಯಲ್ಲಿ ಕೊಟ್ಟಿರುವುದಿಲ್ಲ.

ಹಂತ 2: ಟ್ರಿಗರ್

ಮೂಲ ಟ್ರಿಗರ್ ಗಡುಸು. ಎರಡೂವರೆಯಿಂದ ಮೂರು ಪೌಂಡ್ ಒತ್ತಡಕ್ಕೆ ಬೀಳುವ ಸಿದ್ಧ ಟ್ರಿಗರ್ ಜೋಡಣೆಯನ್ನು ರೂಗರ್ ಕಂಪನಿಯೇ ಮಾರುತ್ತದೆ. ತನ್ನ ಸರಕನ್ನು ಸರಿಪಡಿಸಲು ಬೇಕಾದ ಸರಕನ್ನೂ ತಾನೇ ಮಾರುವ ವ್ಯಾಪಾರಕ್ಕೆ ಕೈಮುಗಿಯಿರಿ. ಹಣ ಉಳಿಸಲೆಂದು ಹಳೆಯದರ ಕೊಕ್ಕೆಯನ್ನು ಅರದಿಂದ ಉಜ್ಜಬಾರದು. ಅಂಚು ಸವೆದರೆ ಬೆರಳು ತಾಗದೆಯೂ ಗುಂಡು ಹಾರಬಹುದು.

ಹಂತ 3: ಸರಪಳಿ

ಈಗ ದಪ್ಪ ನಳಿಗೆ ತರಿಸಿ. ವ್ಯಾಸ 0.920 ಇಂಚು. ಮರದ ಸ್ಟಾಕಿನ ಕಾಲುವೆ ತೆಳು ನಳಿಗೆಗೆಂದು ಕೊರೆದದ್ದು, ಆದ್ದರಿಂದ ಹೊಸ ಸ್ಟಾಕ್ ತರಿಸಿ. ದಪ್ಪ ನಳಿಗೆಗಳಲ್ಲಿ ಸಾಮಾನ್ಯವಾಗಿ ಗುರಿಕಡ್ಡಿ ಇರುವುದಿಲ್ಲ, ಆದ್ದರಿಂದ ದುರ್ಬೀನು ತರಿಸಿ. ಇಷ್ಟಾದ ಮೇಲೆ ಕೈಯಲ್ಲಿ ಎತ್ತಿ ಹಿಡಿಯಲಾಗದು, ಆದ್ದರಿಂದ ಮುಂದೆ ಎರಡು ಕಾಲು ಕಟ್ಟಿಸಿ. ಹಗುರವೆಂದು ಕೊಂಡ ಬಂದೂಕನ್ನು ಒಯ್ಯಲು ಈಗ ಚಕ್ರದ ಗಾಡಿಯ ಕ್ಯಾಟಲಾಗ್ ನೋಡಿ.

ನಳಿಗೆಯ ಉದ್ದ ಹೆಚ್ಚಾದರೆ ಸರ್ಕಾರ ಕೇಳುವುದಿಲ್ಲ, ಕಡಿಮೆಯಾದರೆ ಕೇಳುತ್ತದೆ. ರೈಫಲ್ ನಳಿಗೆ 16 ಇಂಚಿಗಿಂತ ಗಿಡ್ಡವಾದರೆ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ಕೆಳಗೆ ಬರುತ್ತದೆ. ಗರಗಸ ಈ ಕೈಪಿಡಿಯ ಸಲಕರಣೆಗಳ ಪಟ್ಟಿಯಲ್ಲಿಲ್ಲ.

ಹಂತ 4: ಲೆಕ್ಕಪತ್ರ

ಅಮೆರಿಕದ ಫೆಡರಲ್ ಕಾನೂನಿನ ಕಣ್ಣಿಗೆ ಈ ಭಾಗಗಳಲ್ಲಿ ಬಂದೂಕು ಎಂದರೆ ಕ್ರಮಸಂಖ್ಯೆ ಕೆತ್ತಿದ ರಿಸೀವರ್, ಅಂದರೆ ನಳಿಗೆಯೂ ಬೋಲ್ಟೂ ಕೂರುವ ನಡುಭಾಗ, ಮಾತ್ರ. ನಳಿಗೆ, ಸ್ಟಾಕ್, ಟ್ರಿಗರ್ ಎಲ್ಲ ಬಿಡಿಭಾಗಗಳು, ಅಂಚೆಯಲ್ಲಿ ಬರುತ್ತವೆ. ಮನೆಯಲ್ಲಿ ಕೇಳಿದಾಗಲೂ ಇದೇ ಕಾನೂನು ಹೇಳಿ: “ಹೊಸ ಬಂದೂಕು ತಗೊಂಡಿಲ್ಲ ಕಣೇ, ಇರೋದೇ ಒಂದು.” ರಿಸೀವರನ್ನೂ ಬೇರೆ ಕಂಪನಿಗಳು ಮಾಡುತ್ತವೆ, ರೂಗರ್ ಮಾಡಿದ ಒಂದು ಮೊಳೆಯೂ ಇಲ್ಲದ 10/22 ಕಟ್ಟಬಹುದು. ಮೂರ್ನಾಲ್ಕು ನೂರು ಡಾಲರಿನ ರೈಫಲ್‌ಗೆ ಸಾವಿರ ಡಾಲರ್ ಸುರಿದ ಮೇಲೆ ಮೂಗಿಗಿಂತ ಮೂಗುತಿ ಭಾರವೆಂದು ಹಿರಿಯರು ಏಕೆ ಅಂದರೋ ತಿಳಿಯುತ್ತದೆ.

ದೋಷ ನಿವಾರಣೆ

ದೋಷ: ಗುಂಡು ಎಲ್ಲೆಲ್ಲೋ ಬೀಳುತ್ತಿದೆ.
ಪರಿಹಾರ: ಇನ್ನೊಂದು ಭಾಗ ತರಿಸುವ ಮುನ್ನ ಮೂರ್ನಾಲ್ಕು ಬಗೆಯ ತೋಟಾ ಹಾಕಿ ನೋಡಿ. ಒಂದು ನಳಿಗೆಗೆ ಒಗ್ಗಿದ ತೋಟಾ ಅದೇ ಮಾದರಿಯ ಇನ್ನೊಂದಕ್ಕೆ ಒಗ್ಗದೇ ಹೋಗಬಹುದು. ಒಗ್ಗಿದ್ದು ಸಿಕ್ಕರೆ ಅದನ್ನೇ ಹೆಚ್ಚಿಗೆ ಕೊಳ್ಳಿ. ಇದಕ್ಕೆ ಯಾವ ಸಲಕರಣೆಯೂ ಬೇಡ, ಆದ್ದರಿಂದ ಯಾರಿಗೂ ರುಚಿಸುವುದಿಲ್ಲ.

ದೋಷ: ಪಕ್ಕದವನ ಹಳೆಯ ರೈಫಲ್, ಏನೂ ಬದಲಾಯಿಸದ್ದು, ನಿಮ್ಮದಕ್ಕಿಂತ ಚೆನ್ನಾಗಿ ಹೊಡೆಯುತ್ತಿದೆ.
ಪರಿಹಾರ: ಆತ ವಾರವಾರ ಅಭ್ಯಾಸ ಮಾಡುತ್ತಾನೆ. ಆ ಬಿಡಿಭಾಗ ಮಾರಾಟಕ್ಕಿಲ್ಲ.

ಭಾರತದ ಓದುಗರಿಗೆ ಸೂಚನೆ

ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಒಂದು ಪರವಾನಗಿ ಬೇಕು. ಅದನ್ನು ಮಾರ್ಪಡಿಸುವುದಕ್ಕೂ ರಿಪೇರಿ ಮಾಡುವುದಕ್ಕೂ ಬೇರೆಯೇ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೇ ಹೊರತು ಮನೆಯಲ್ಲಿ ಬಿಚ್ಚಿ ಮಾರ್ಪಡಿಸುವುದಕ್ಕಲ್ಲ. ಆದ್ದರಿಂದ ಕರ್ನಾಟಕದ ಗಡಿಯೊಳಗೆ ಈ ಕೈಪಿಡಿಯನ್ನು ಓದುವುದಕ್ಕೆ ಮಾತ್ರ ಬಳಸತಕ್ಕದ್ದು; ಕೈ ತೀರಾ ತುರಿಸಿದರೆ ಮನೆಯ ಮಿಕ್ಸಿ ಬಿಚ್ಚತಕ್ಕದ್ದು, ಪ್ಲಗ್ ಕಿತ್ತ ಮೇಲೆ.