ಏರಿದವರಿಗೊಂದು ಶಾಲು

ವೇದಿಕೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುವ ಇಂದಿನ ಸನ್ಮಾನಿತರಾದ ಶ್ರೀಮಾನ್ ಬೆಲೆಯವರೆ, ಅವರ ಅಣ್ಣನವರಾದ ಮನೆ ಬಾಡಿಗೆಯವರೆ, ಭಾವನವರಾದ ಬ್ಯಾಂಕ್ ಬಡ್ಡಿಯವರೆ, ಕುರ್ಚಿ ಸಿಗದೆ ಬಾಗಿಲ ಬಳಿ ನಿಂತಿರುವ ಸಂಬಳದವರೆ, ಶಿಫ್ಟ್ ಮುಗಿಸಿ ಮನೆಗೂ ಹೋಗದೆ ಇಲ್ಲಿಗೇ ಬಂದಿರುವ ಅಣ್ಣತಮ್ಮಂದಿರೆ, ಅಕ್ಕತಂಗಿಯರೆ,

ಸನ್ಮಾನಿತರ ಬಗ್ಗೆ ಎರಡು ಮಾತಾಡಿ ಎಂದಿದ್ದಾರೆ. ಎರಡು ಮಾತಿಗೆ ಮುಗಿಯುವ ಸಾಧನೆಯಲ್ಲ ಅದು.

ಸಮಾರಂಭವನ್ನು ಮೆಲ್ಬರ್ನಿನ ಈ ಸನ್‌ಶೈನ್ ಬಡಾವಣೆಯಲ್ಲೇ ಇಟ್ಟುಕೊಂಡಿದ್ದು ಸುಮ್ಮನಲ್ಲ. ಹಿಂದೆ ಇಲ್ಲಿ ಎಚ್.ವಿ. ಮೆಕೇ ಎಂಬುವವರ ಕೊಯ್ಲು ಯಂತ್ರದ ಕಾರ್ಖಾನೆಯಿತ್ತು. ಅದರ ಕೂಲಿಯ ವ್ಯಾಜ್ಯ 1907ರಲ್ಲಿ ನ್ಯಾಯಮೂರ್ತಿ ಹಿಗ್ಗಿನ್ಸ್ ಅವರ ಮುಂದೆ ಬಂತು. ಆ ಪುಣ್ಯಾತ್ಮ, ಮಾಲೀಕನಿಗೆ ಎಷ್ಟು ಕೊಟ್ಟರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕುವುದು ಬಿಟ್ಟು, ಕೂಲಿಯವನ ಮನೆ ನಡೆಯಲು ಎಷ್ಟು ಬೇಕು ಎಂದು ಕೇಳಿದರು. ಕೂಲಿಯವರ ಹೆಂಡಂದಿರೇ ಬಂದು ಸಾಕ್ಷಿ ಹೇಳಿದರು: ಬಾಡಿಗೆಗೆ ಇಷ್ಟು, ಬ್ರೆಡ್ಡಿಗೆ ಇಷ್ಟು, ಹಾಲಿಗೆ ಇಷ್ಟು. ಐದು ಜನರ ಸಂಸಾರ ಮಿತವಾಗಿಯಾದರೂ ನೆಮ್ಮದಿಯಾಗಿ ಬದುಕಬೇಕಾದರೆ ದಿನಕ್ಕೆ 7 ಶಿಲಿಂಗ್ ಬೇಕು ಎಂದು ತೀರ್ಪಾಯಿತು. ಹೆಂಗಸರ ಕೂಲಿ ಆ ಲೆಕ್ಕಕ್ಕೇ ಬರಲಿಲ್ಲ, ಅದಕ್ಕೆ ಇನ್ನೊಂದು ಸಮಾರಂಭ ಮಾಡೋಣ. ಮೊದಲು ಮನೆಖರ್ಚು, ಆಮೇಲೆ ಸಂಬಳ! ಸನ್ಮಾನಿತರು ಒಂದು ಮೆಟ್ಟಿಲು ಹತ್ತಿದರೆ ಸಂಬಳವೂ ಬೆನ್ನಿಗೇ ಹತ್ತಬೇಕು ಎಂದರೆ ಎಂಥ ಅವಮಾನ! ಈಗ ಆ ಕಾರ್ಖಾನೆಯಿಲ್ಲ. ಆ ಜಾಗದಲ್ಲಿ ಶಾಪಿಂಗ್ ಸೆಂಟರ್ ಎದ್ದಿದೆ, ಸನ್ಮಾನಿತರು ಅಲ್ಲೇ ವಾಸವಾಗಿದ್ದಾರೆ.

ಸಂಬಳದವರು ವರ್ಷಕ್ಕೊಮ್ಮೆ, ಜುಲೈ 1ರಂದು, ಕನಿಷ್ಠ ವೇತನ ನಿಗದಿ ಮಾಡುವ ಫೇರ್ ವರ್ಕ್ ಕಮಿಷನ್ನಿನ ಅಪ್ಪಣೆ ಪಡೆದು ಏರುತ್ತಾರೆ. 2022ರಲ್ಲಿ ಕನಿಷ್ಠ ವೇತನ ಶೇ. 5.2ರಷ್ಟು ಏರಿತು. ಚಪ್ಪಾಳೆ ನಿಲ್ಲುವ ಮೊದಲೇ, ಆ ಡಿಸೆಂಬರಿಗೆ, ಹಣದುಬ್ಬರ ಶೇ. 7.8 ಮುಟ್ಟಿತ್ತು. ಸನ್ಮಾನಿತರು ಯಾರ ಅಪ್ಪಣೆಗೂ ಕಾದವರಲ್ಲ. ಓದಲು ಬಂದ ನಮ್ಮ ಹುಬ್ಬಳ್ಳಿ, ಮೈಸೂರಿನ ಹುಡುಗರು ಕಾಲೇಜು ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆ ಮೀರಿ ದುಡಿಯುವಂತಿಲ್ಲ. ಸನ್ಮಾನಿತರಿಗೆ ಅಂಥ ಕಟ್ಟುಪಾಡೂ ಇಲ್ಲ.

ಹಾಗೆಂದು ಅವರಿಗೆ ವಿನಯವಿಲ್ಲ ಅನ್ನಬೇಡಿ. ಇಳಿದಂತೆ ಕಾಣುವ ವಿದ್ಯೆಯೂ ಅವರಿಗೆ ಸಿದ್ಧಿಸಿದೆ. ಸ್ಪರ್ಧಾ ಆಯೋಗ ಎಸಿಸಿಸಿ 2024ರ ಸೆಪ್ಟೆಂಬರಿನಲ್ಲಿ ವೂಲ್‌ವರ್ತ್ಸ್ ಮತ್ತು ಕೋಲ್ಸ್ ಸೂಪರ್ ಮಾರ್ಕೆಟ್ಟುಗಳ ಮೇಲೆ ಹೂಡಿದ ದಾವೆಗಳಲ್ಲಿ ಆ ವಿದ್ಯೆಯ ವರ್ಣನೆಯಿದೆ. ವೂಲ್‌ವರ್ತ್ಸ್ ಮೇಲಿನ ದೂರಿನಲ್ಲಿರುವ ಒಂದು ಓರಿಯೋ ಬಿಸ್ಕತ್ ಪೊಟ್ಟಣವನ್ನೇ ನೋಡಿ. ಹೆಚ್ಚುಕಡಿಮೆ ಎರಡು ವರ್ಷ ಮೂರೂವರೆ ಡಾಲರಿಗೆ ಕೂತಿತ್ತು. 2022ರ ನವೆಂಬರ್ ಕೊನೆಗೆ ಐದು ಡಾಲರಿಗೆ ನೆಗೆಯಿತು. ಇಪ್ಪತ್ತೆರಡು ದಿನ ಕಳೆದ ಮೇಲೆ, ಕ್ರಿಸ್‌ಮಸ್ ಹೊಸ್ತಿಲಲ್ಲಿ, ‘ಬೆಲೆ ಇಳಿದಿದೆ’ ಎಂಬ ಚೀಟಿ ಅಂಟಿಸಿಕೊಂಡು ನಾಲ್ಕೂವರೆಗೆ ಬಂತು. ಮಗುವಿನ ಕೈಹಿಡಿದು ನಿಂತ ತಾಯಿ ‘ಸದ್ಯ, ಐವತ್ತು ಸೆಂಟ್ ಉಳಿಯಿತು’ ಅಂದುಕೊಂಡಳೋ ಏನೋ. ನಮ್ಮದೇನೂ ತಪ್ಪಿಲ್ಲ ಎಂದು ಕಂಪನಿಗಳು ಹೇಳಿವೆ. ಸರಿ ತಪ್ಪು ಕೋರ್ಟಿಗಿರಲಿ, ನಾನು ಕಲಾವಂತಿಕೆಯನ್ನಷ್ಟೇ ಹೊಗಳುತ್ತಿದ್ದೇನೆ.

ಈ ಏಳಿಗೆಯ ಹಿಂದೆ ನಿಂತ ಹಿರಿಯರನ್ನೂ ನೆನೆಯಬೇಕು. ಮನೆ ಕೊಳ್ಳಲಾಗುತ್ತಿಲ್ಲ ಎಂದವರಿಗೆ 2015ರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಜೋ ಹಾಕಿ, ಒಳ್ಳೆಯ ಸಂಬಳದ ಒಳ್ಳೆಯ ಕೆಲಸ ಹಿಡಿಯಿರಿ ಎಂದರು. ಯಾರಿಗೂ ಹೊಳೆದಿರಲಿಲ್ಲ! ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಫಿಲಿಪ್ ಲೋ ಅವರು 2024ರವರೆಗೆ ಬಡ್ಡಿ ಏರುವ ಸಂಭವ ಕಡಿಮೆ ಎಂಬ ಭರವಸೆ ಹುಟ್ಟಿಸಿದ್ದರು. ನಂಬಿ ಸಾಲ ಮಾಡಿದವರ ಕಣ್ಣೆದುರೇ ಬಡ್ಡಿ ಭಾವನವರು 2022ರ ಮೇ ತಿಂಗಳಿಂದ 2023ರ ನವೆಂಬರ್ ಹೊತ್ತಿಗೆ ಹದಿಮೂರು ಸಲ ಎದ್ದು, ಶೇ. 0.10ರಿಂದ 4.35ಕ್ಕೆ ಹೋಗಿ ಕೂತರು. ಬಾಡಿಗೆ ಏರಿದಾಗ ಜನ ಮನೆಯಲ್ಲಿ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತಾರೆ ಎಂದು ಅದೇ ಲೋ ಅವರು 2023ರಲ್ಲಿ ಸೆನೆಟ್ ಸಮಿತಿಗೆ ತಿಳಿಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಷ್ಟೇ ಹೇಳಿ ನಮ್ಮ ಹಿರಿಯರು ಸುಮ್ಮನಾಗಿದ್ದರು, ಪಕ್ಕದಲ್ಲಿ ಇನ್ನೊಬ್ಬನಿಗೂ ಜಾಗ ಮಾಡು ಎನ್ನಲು ಅವರಿಗೆ ಅರ್ಥಶಾಸ್ತ್ರ ಸಾಲಲಿಲ್ಲ.

ಬಾಡಿಗೆಯಣ್ಣನವರ ಬಗ್ಗೆ ಮಾತಾಡದಿದ್ದರೆ ಮುನಿಸಿಕೊಳ್ಳುತ್ತಾರೆ. ಬಾಡಿಗೆಗೆಂದೇ ಮನೆ ಕೊಂಡವರು ಅದರ ನಷ್ಟವನ್ನು ಸಂಬಳದಲ್ಲಿ ಕಳೆದು ತೆರಿಗೆ ಉಳಿಸುತ್ತಾ ಬಂದರು. ವರ್ಷ ಕಳೆದು ಮಾರಿದರೆ ಲಾಭದ ಅರ್ಧಕ್ಕೆ ತೆರಿಗೆಯೇ ಬೇಡ ಎಂದು 1999ರಲ್ಲಿ ಸರಕಾರ ಕೈಬಿಚ್ಚಿತು. ಒಂದೂ ಮನೆಯಿಲ್ಲದವನು ಪೂರ್ತಿ ಸಂಬಳಕ್ಕೆ ತೆರಿಗೆ ಕಟ್ಟಿ, ಉಳಿದದ್ದನ್ನು ಮೂರನೇ ಮನೆಯ ಮಾಲೀಕನ ಖಾತೆಗೆ ಹಾಕುತ್ತಾನೆ. ಸನ್ಮಾನಿತರನ್ನು ಕಂಡರೆ ಆ ಮಾಲೀಕರಿಗೆ ಸ್ವಂತ ಮಗನಷ್ಟೇ ಪ್ರೀತಿ.

ಈಗ ಶಾಲು, ಪೇಟ. ಹಣ್ಣಿನ ಬುಟ್ಟಿಯಲ್ಲಿ ಬುಟ್ಟಿ ಮಾತ್ರ ಇದೆ, ಸನ್ಮಾನಿತರ ಕೃಪೆ. ಕಾರ್ಯಕ್ರಮದ ನಂತರ ಊಟವಿದೆ. ಹೋದ ವರ್ಷ ಕೂಪನ್ ಹನ್ನೆರಡು ಡಾಲರಿತ್ತು, ಮೂರು ವಾರದಿಂದ ಹದಿನೆಂಟು ಮಾಡಿದ್ದೆವು, ಸನ್ಮಾನದ ಪ್ರಯುಕ್ತ ಇವತ್ತು ಹದಿನೈದಕ್ಕೆ ಇಳಿಸಿದ್ದೇವೆ. ನೂಕುನುಗ್ಗಲು ಬೇಡ.