ಮುಕ್ಕಾಲು ಬಿದ್ದರ 'ಎ'

(2019ರ ಅಕ್ಟೋಬರ್. ಮಲಪ್ರಭೆ ದಂಡೆಯ, ನೆರೆಗೆ ಸಿಕ್ಕ ಒಂದು ಹಳ್ಳಿ. ಮುರಿದ ಕಟ್ಟೆಯ ಮೇಲೆ ಅಜ್ಜಿ, ಎದುರಿಗೆ ಫೈಲು ಹಿಡಿದ ತಲಾಠಿ.)

ತಲಾಠಿ: ಯಮ್ಮಾ, ಮನಿ ಮುಕ್ಕಾಲಿಗಿಂತ ಜಾಸ್ತಿ ಬಿದ್ದಿದ್ರ 'ಎ', ಐದು ಲಕ್ಷ. ನಿನ್ನವು ಮೂರು ಗ್ವಾಡಿ ನಿಂತಾವು. 'ಸಿ'. ಬರೇ ರಿಪೇರಿ ರೊಕ್ಕ.

ಅಜ್ಜಿ: ನಿಂತಿಲ್ಲೋ ಯಪ್ಪಾ, ಒಂದಕ್ಕೊಂದು ಆತುಗೊಂಡಾವು. ಸೀನಿದ್ರ ಬೀಳ್ತಾವು.

ತಲಾಠಿ: ಎಂಜಿನಿಯರ್ ಸಾಹೇಬ್ರ ಫೋಟೊದಾಗ ನಿಂತಾವಲ್ಲ!

ಅಜ್ಜಿ: ಹಂಗಾರ ಆ ಫೋಟೊದಾಗs ಸಂಸಾರ ಮಾಡ್ತೀನಿ ಬಿಡು.

ತಲಾಠಿ: ಪರಿಹಾರದ ಮೊದಲಿನ ಹತ್ತು ಸಾವಿರ ಬಂತಿಲ್ಲೋ?

ಅಜ್ಜಿ: ಖಾತೇಕ ಬಂದೈತಂತ. ಪಾಸ್‌ಬುಕ್ ಹೊಳ್ಯಾಗ ಹೋತು. ಬ್ಯಾಂಕಿನ್ಯಾಂವ ಆಧಾರ್ ತಾ ಅಂದ. ಅದೂ ಪಾಸ್‌ಬುಕ್ಕಿನ ಸಂಗಾಟ ಹೋಗೇತಿ.

ತಲಾಠಿ: 2009ರ ನೆರಿ ಆದ ಮ್ಯಾಲೆ 'ಆಸರೆ' ಮನಿ ಕೊಟ್ಟಿದ್ರಲ್ಲ, ಅದರ ಹಕ್ಕುಪತ್ರರ ತೋರಸು.

ಅಜ್ಜಿ: ಹಕ್ಕುಪತ್ರ ಬರೂದರಾಗ ಇನ್ನೊಂದು ನೆರಿ ಬಂತು.

ತಲಾಠಿ: ಸರ್ಕಾರದ ಕಷ್ಟಾನೂ ನೋಡಬೇಕವ್ವಾ. ಆಗಸ್ಟಿನ್ಯಾಗ ನೀರು ಬಂದಾಗ ಮಂತ್ರಿಗಳs ಇದ್ದಿದ್ದಿಲ್ಲ. 20ನೇ ತಾರೀಖಿಗೆ ಹದಿನೇಳು ಮಂದಿ ಆದ್ರು.

ಅಜ್ಜಿ: ಹೊಳಿ ಅವರ ದಾರಿ ಕಾಯಲಿಲ್ಲ ನೋಡು.

ತಲಾಠಿ: 35,000 ಕೋಟಿ ಹಾನಿ ಅಂತ ದಿಲ್ಲಿಗೆ ಬರದ್ರು. ಸದ್ಯಕ್ಕ 1,200 ಕೋಟಿ ಬಂದೈತಿ.

ಅಜ್ಜಿ: ಅಯ್ಯs! ದಿಲ್ಲಿಯವರ ಲೆಕ್ಕದಾಗ ಇಡೀ ರಾಜ್ಯನs 'ಸಿ' ಅನ್ನು!

ತಲಾಠಿ: (ಫೈಲು ಮಡಚುತ್ತ) ಸರ್ಕಾರದ ಮ್ಯಾಲೆ ನಂಬಿಕಿ ಇಡಬೇಕು.

ಅಜ್ಜಿ: ಇಟ್ಟಿದ್ನಲ್ಲೋ! ಈಗ ಅದು ಮುಕ್ಕಾಲು ಬಿದ್ದೈತಿ. ಬರಕೋ, ಅದಕ್ಕರ 'ಎ' ಹಾಕು.